ಹೊಸ ಪದ್ಧತಿಯೋ ಹಳೆಯದೋ, ಎನ್‌ಪಿಎಸ್ಸೋ ಪಿಪಿಎಫ್ಫೋ: ಲೆಕ್ಕವನ್ನು ತಿರುಗಿಸಿ ಹಾಕಿ ನೋಡಿ

ಪ್ರತಿ ಏಪ್ರಿಲ್‌ನಲ್ಲಿ ಆಫೀಸಿನಿಂದ ಒಂದು ಮೇಲ್ ಬರುತ್ತದೆ. ಆದಾಯ ತೆರಿಗೆಯ ಹಳೆ ಪದ್ಧತಿಯೋ ಹೊಸ ಪದ್ಧತಿಯೋ, ಶುಕ್ರವಾರದೊಳಗೆ ತಿಳಿಸಿ ಅಂತ. ಆ ವಾರ ಕಾಫಿ ಮೆಷಿನ್ ಹತ್ತಿರ ಬೇರೆ ಮಾತೇ ಇರುವುದಿಲ್ಲ. "ನೀನು ಯಾವುದು ಹಾಕಿದೆ?" ಪಕ್ಕದ ಸೀಟಿನವರು ಹಾಕಿದ್ದನ್ನೇ ನಾವೂ ಹಾಕಿ ಕೈತೊಳೆದುಕೊಳ್ಳುತ್ತೇವೆ. ಅವರಿಗೆ ಮನೆ ಸಾಲ ಇರುತ್ತದೆ, ನಮಗೆ ಇರುವುದಿಲ್ಲ. ಅಪ್ಪ ಅಮ್ಮನ ಆರೋಗ್ಯ ವಿಮೆಯನ್ನು ಅವರೇ ಕಟ್ಟುತ್ತಾರೆ, ನಮ್ಮ ಮನೆಯಲ್ಲಿ ತಮ್ಮ ಕಟ್ಟುತ್ತಾನೆ. ಇಬ್ಬರ ಲೆಕ್ಕ ಒಂದೇ ಆಗುವುದು ಹೇಗೆ?

ನಾನೂ ಎಡವಿದವನೇ. ಕೆಲಸಕ್ಕೆ ಸೇರಿದ ಮೂರನೇ ವರ್ಷ, ಜನವರಿ ಕೊನೆಯ ವಾರ, 80ಸಿ ಲೆಕ್ಕದಲ್ಲಿ, ಅಂದರೆ ತೆರಿಗೆ ಉಳಿಸಲು ತೋರಿಸುವ ವಿಮೆ, ಪಿಎಫ್ ಹೂಡಿಕೆಗಳ ಲೆಕ್ಕದಲ್ಲಿ, 40 ಸಾವಿರ ಕಡಿಮೆ ಬಿತ್ತು. ಪರಿಚಯದ ಏಜೆಂಟ್ ಒಬ್ಬರು ಅವತ್ತು ಸಂಜೆಯೇ ಮನೆಗೆ ಬಂದು, ಟೀ ಕುಡಿದು, ಏಳು ಕಡೆ ಸಹಿ ಹಾಕಿಸಿಕೊಂಡು ಹೋದರು. ವರ್ಷಕ್ಕೆ 40 ಸಾವಿರದಂತೆ 20 ವರ್ಷ ಕಟ್ಟಬೇಕಾದ ಪಾಲಿಸಿ. ಆ ವರ್ಷ ಉಳಿದ ತೆರಿಗೆ 8 ಸಾವಿರ ಚಿಲ್ಲರೆ. ಈಗ ನಾನು ಹೊಸ ಪದ್ಧತಿಯಲ್ಲಿದ್ದೇನೆ. ಆ ಕಂತಿನಿಂದ ಒಂದು ಪೈಸೆ ತೆರಿಗೆ ಉಳಿಯುವುದಿಲ್ಲ. ಕಂತು ಮಾತ್ರ ಪ್ರತಿ ಫೆಬ್ರವರಿ ತಪ್ಪದೆ ಬಾಗಿಲು ತಟ್ಟುತ್ತದೆ.

ಹಾಗಾಗಿ ನನ್ನ ಸಲಹೆ ಒಂದೇ. ತೆರಿಗೆ ಎಷ್ಟು ಉಳಿಯುತ್ತದೆ ಅನ್ನುವುದರಿಂದ ಶುರು ಮಾಡಬೇಡಿ. ತೆರಿಗೆ ಅನ್ನುವುದೇ ಇಲ್ಲದಿದ್ದರೂ ನಿಮ್ಮ ದುಡ್ಡು ಎಲ್ಲಿಗೆ ಹೋಗುತ್ತಿತ್ತು ಅಂತ ಮೊದಲು ಬರೆಯಿರಿ. ಬಾಡಿಗೆ, ಸಾಲದ ಬಡ್ಡಿ, ವಿಮೆ, ಮಕ್ಕಳ ಫೀಸು, ಪಿಎಫ್. ಆ ಪಟ್ಟಿಯೇ ಪದ್ಧತಿಯನ್ನು ಆರಿಸಿಕೊಡುತ್ತದೆ.

ಯಾವುದರ ಮೇಲೆ ಅಳೆಯಬೇಕು

ನಾನು ನೋಡುವುದು ನಾಲ್ಕು ವಿಷಯ. ಒಂದು, ಈ ಖರ್ಚು ನಿಜವಾಗಿ ಆಗುತ್ತಿದೆಯಾ, ಇಲ್ಲ ತೆರಿಗೆಗೋಸ್ಕರ ಹುಟ್ಟಿಸಿದ್ದಾ? ಎರಡು, ದುಡ್ಡು ಎಷ್ಟು ವರ್ಷ ಕೈಗೆ ಸಿಗುವುದಿಲ್ಲ? ಮೂರು, ಮನಸ್ಸು ಬದಲಾದರೆ ವಾಪಸ್ ಬರಬಹುದಾ? ನಾಲ್ಕು, ನಾನಿಲ್ಲದಿದ್ದರೆ ಮನೆಯವರ ಕೈಗೆ ಏನು ಬರುತ್ತದೆ? ನಾಲ್ಕನೆಯದು ತೆರಿಗೆಗೆ ಅಷ್ಟಾಗಿ ಅನ್ವಯಿಸುವುದಿಲ್ಲ. ಪಿಂಚಣಿಯ ವಿಷಯಕ್ಕೆ ಬಂದಾಗ ಅದೇ ಮುಖ್ಯವಾಗುತ್ತದೆ.

ಲೆಕ್ಕಕ್ಕೆ ಮುಂಚೆ ಒಂದು ಮಾತು. 1961ರ ಆದಾಯ ತೆರಿಗೆ ಕಾಯ್ದೆ ಹೋಗಿ, 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ. ಸೆಕ್ಷನ್ ನಂಬರುಗಳೆಲ್ಲ ಬದಲಾಗಿವೆ. 80ಸಿ ಈಗ 123ನೇ ಸೆಕ್ಷನ್. ಆದರೆ ಯಾರೂ "ನಿಂದು 123 ತುಂಬಿತಾ" ಅಂತ ಕೇಳುವುದಿಲ್ಲ, ಅಲ್ವಾ? ಇಲ್ಲೂ ಹಳೆ ಹೆಸರುಗಳನ್ನೇ ಬಳಸುತ್ತೇನೆ. ಸ್ಲ್ಯಾಬ್‌ಗಳು, ಅಂದರೆ ಆದಾಯದ ಮೆಟ್ಟಿಲಿಗೆ ತಕ್ಕ ತೆರಿಗೆ ದರಗಳು, 2025-26ರಲ್ಲಿ ಇದ್ದಂತೆಯೇ 2026-27ರಲ್ಲೂ ಇವೆ.

ಹೊಸದು, ಹಳೆಯದು

ಹೊಸ ಪದ್ಧತಿಯಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆ ಇಲ್ಲ. ಅಲ್ಲಿಂದ ಪ್ರತಿ 4 ಲಕ್ಷಕ್ಕೊಂದು ಮೆಟ್ಟಿಲು: ಶೇ 5, 10, 15, 20, 25. 24 ಲಕ್ಷ ದಾಟಿದ ಮೇಲೆ ಶೇ 30. ಸಂಬಳದವರಿಗೆ 75 ಸಾವಿರ ಸ್ಟ್ಯಾಂಡರ್ಡ್ ಡಿಡಕ್ಷನ್, ಅಂದರೆ ರಸೀದಿ ಕೇಳದೆ ಆದಾಯದಿಂದ ಕಳೆಯುವ ಮೊತ್ತ. ತೆರಿಗೆಗೆ ಒಳಪಡುವ ಆದಾಯ 12 ಲಕ್ಷದ ಒಳಗಿದ್ದರೆ 60 ಸಾವಿರದವರೆಗೆ ರಿಬೇಟ್, ಅಂದರೆ ತೆರಿಗೆ ಸೊನ್ನೆ. ಹಳೆಯದರಲ್ಲಿ ಎರಡೂವರೆ ಲಕ್ಷದ ಮೇಲೆ ಶೇ 5, ಐದು ಲಕ್ಷದ ಮೇಲೆ ಶೇ 20, ಹತ್ತು ಲಕ್ಷದ ಮೇಲೆ ಶೇ 30. ಸ್ಟ್ಯಾಂಡರ್ಡ್ ಡಿಡಕ್ಷನ್ 50 ಸಾವಿರ. ಆದರೆ 80ಸಿ, ಎಚ್‌ಆರ್‌ಎ (ಮನೆ ಬಾಡಿಗೆ ಭತ್ಯೆ), ಮನೆ ಸಾಲದ ಬಡ್ಡಿ ಎಲ್ಲವನ್ನೂ ಆದಾಯದಿಂದ ಕಳೆಯಬಹುದು.

ಸಂಬಳ 12.75 ಲಕ್ಷದ ಒಳಗಿದ್ದರೆ ಮುಂದಿನ ನಾಲ್ಕು ಪ್ಯಾರಾ ಬಿಟ್ಟುಬಿಡಿ. ಹೊಸ ಪದ್ಧತಿಯಲ್ಲಿ ತೆರಿಗೆಯೇ ಇಲ್ಲ. ಹಳೆಯದರಲ್ಲಿ ಅದೇ ಸೊನ್ನೆಗೆ ಇಳಿಯಬೇಕಾದರೆ 7.25 ಲಕ್ಷದ ಡಿಡಕ್ಷನ್ ತೋರಿಸಬೇಕು. ಆ ಸಂಬಳದಲ್ಲಿ ಅಷ್ಟು ತೋರಿಸುವವರನ್ನು ನಾನು ನೋಡಿಲ್ಲ. ಸಂಬಳ 13 ಲಕ್ಷ ಆದರೆ ದಿಢೀರನೆ 60 ಸಾವಿರದ ಮೇಲೆ ಬೀಳುತ್ತದೆ ಅಂತ ಹೆದರಬೇಡಿ. ಮಾರ್ಜಿನಲ್ ರಿಲೀಫ್ ಇದೆ. ತೆರಿಗೆಗೆ ಒಳಪಡುವ ಆದಾಯ 12 ಲಕ್ಷವನ್ನು ಸ್ವಲ್ಪವೇ ದಾಟಿದ್ದರೆ, ಎಷ್ಟು ಜಾಸ್ತಿಯೋ ಅಷ್ಟೇ ತೆರಿಗೆ. 13 ಲಕ್ಷ ಸಂಬಳಕ್ಕೆ ಅದು 25 ಸಾವಿರ, ಸೆಸ್ ಸೇರಿ 26 ಸಾವಿರ.

ಅದಕ್ಕಿಂತ ಮೇಲಿನವರಿಗೆ ಒಂದೇ ಪ್ರಶ್ನೆ: ಸ್ಟ್ಯಾಂಡರ್ಡ್ ಡಿಡಕ್ಷನ್ ಬಿಟ್ಟು ನಿಮ್ಮ ಉಳಿದ ಡಿಡಕ್ಷನ್ ಎಷ್ಟು? ಸಂಬಳ 15 ಲಕ್ಷವಾದರೆ ಸುಮಾರು 5.44 ಲಕ್ಷ ದಾಟಬೇಕು, ಆಗ ಮಾತ್ರ ಹಳೆಯದು ಗೆಲ್ಲುತ್ತದೆ. 18 ಲಕ್ಷಕ್ಕೆ ಸುಮಾರು 6.42 ಲಕ್ಷ. ಸಂಬಳ 24.75 ಲಕ್ಷ ದಾಟಿದ ಮೇಲೆ ಈ ಗೆರೆ 8 ಲಕ್ಷಕ್ಕೆ ನಿಂತುಬಿಡುತ್ತದೆ. 25 ಲಕ್ಷವಾದರೂ 8, 40 ಲಕ್ಷವಾದರೂ 8. ಎರಡೂ ಕಡೆ ಮೇಲಿನ ದರ ಶೇ 30 ಆಗುವುದರಿಂದ ಹೀಗೆ.

ಒಂದು ಮನೆಯ ಲೆಕ್ಕವನ್ನೇ ಬಿಡಿಸೋಣ. ಬೆಂಗಳೂರಿನಲ್ಲಿ ಕೆಲಸ, ಸಂಬಳ 18 ಲಕ್ಷ. ಮೂಲ ವೇತನ ತಿಂಗಳಿಗೆ 60 ಸಾವಿರ, ವರ್ಷಕ್ಕೆ ಸಿಗುವ ಎಚ್‌ಆರ್‌ಎ 3 ಲಕ್ಷ, ಬಾಡಿಗೆ ತಿಂಗಳಿಗೆ 30 ಸಾವಿರ. ವರ್ಷದ ಬಾಡಿಗೆ 3.6 ಲಕ್ಷದಲ್ಲಿ ಮೂಲ ವೇತನದ ಶೇ 10 ಕಳೆದರೆ 2.88 ಲಕ್ಷ. ಎಚ್‌ಆರ್‌ಎ ವಿನಾಯಿತಿ ಅಷ್ಟು. 80ಸಿ 1.5 ಲಕ್ಷ, ಆರೋಗ್ಯ ವಿಮೆ 25 ಸಾವಿರ, ಎನ್‌ಪಿಎಸ್‌ಗೆ (ರಾಷ್ಟ್ರೀಯ ಪಿಂಚಣಿ ಯೋಜನೆ) ಸ್ವಂತ ಕೈಯಿಂದ 50 ಸಾವಿರ. ಒಟ್ಟು 5.13 ಲಕ್ಷ. ಹಳೆ ಪದ್ಧತಿಯಲ್ಲಿ ತೆರಿಗೆ ಸೆಸ್ ಸೇರಿ 1,90,944 ರೂಪಾಯಿ. ಹೊಸದರಲ್ಲಿ, ಏನೂ ತೋರಿಸದೆ, 1,50,800. ಬಾಡಿಗೆ ರಸೀದಿ, ವಿಮೆ ರಸೀದಿ ಎಲ್ಲ ಜೋಡಿಸಿಟ್ಟುಕೊಂಡೂ 40 ಸಾವಿರ ಜಾಸ್ತಿ ಕಟ್ಟಿದ ಹಾಗಾಯಿತು.

ಇದೇ ವ್ಯಕ್ತಿ ತುಮಕೂರಿನಲ್ಲಿ ಅಪ್ಪ ಅಮ್ಮ ಇರುವ ಮನೆಯನ್ನು ಸಾಲ ಮಾಡಿ ಕಟ್ಟಿಸಿದ್ದಾರೆ ಅಂದುಕೊಳ್ಳಿ. ಬಡ್ಡಿಯ 2 ಲಕ್ಷ ಸೇರಿ ಡಿಡಕ್ಷನ್ 7.13 ಲಕ್ಷವಾಗುತ್ತದೆ. ಹಳೆ ಪದ್ಧತಿಯ ತೆರಿಗೆ 1,28,544ಕ್ಕೆ ಇಳಿಯುತ್ತದೆ. ಈಗ ಹಳೆಯದೇ 22 ಸಾವಿರದಷ್ಟು ಮುಂದೆ. ನೋಡಿ, ಒಂದು ಮನೆ ಸಾಲ ತಕ್ಕಡಿಯನ್ನು ಪೂರ್ತಿ ಈ ಕಡೆಯಿಂದ ಆ ಕಡೆಗೆ ತಿರುಗಿಸಿತು. ಆದರೆ ಸಾಲವೊಂದೇ ಸಾಕಾಗುತ್ತಿರಲಿಲ್ಲ. ಬಾಡಿಗೆ ಕೊಡದೆ ಸ್ವಂತ ಮನೆಯಲ್ಲೇ ಇರುವವರಿಗೆ ಎಚ್‌ಆರ್‌ಎ ಇಲ್ಲ, ಒಟ್ಟು 4.25 ಲಕ್ಷಕ್ಕೆ ನಿಲ್ಲುತ್ತದೆ. ಅವರಿಗೆ ಹೊಸದೇ ಸರಿ. ಬಾಡಿಗೆ ಮತ್ತು ಸಾಲ ಎರಡೂ ಇರುವವರಿಗೆ ಮಾತ್ರ ಹಳೆಯದು ಇನ್ನೂ ಜೀವಂತ ಇದೆ ಅನ್ನುವುದು ನನ್ನ ಅಭಿಪ್ರಾಯ.

ಇಲ್ಲಿ ಒಂದು ಸಣ್ಣ ಹೊಟ್ಟೆಕಿಚ್ಚು. 1962ರ ನಿಯಮದಲ್ಲಿ ಎಚ್‌ಆರ್‌ಎಗೆ ಮೂಲ ವೇತನದ ಶೇ 50ರ ಮಿತಿ ಇದ್ದದ್ದು ದೆಹಲಿ, ಮುಂಬೈ, ಕೋಲ್ಕತ್ತ, ಚೆನ್ನೈಗೆ ಮಾತ್ರ. ಬೆಂಗಳೂರಿಗೆ ಆಗ ಶೇ 40 ಇತ್ತು. ಬೆಂಗಳೂರಿನ ಓನರುಗಳು ಆ ನಿಯಮ ಓದಿ ಬಾಡಿಗೆ ಇಳಿಸಿದ್ದನ್ನು ನಾನಂತೂ ಕಂಡಿಲ್ಲ.

ಹೊಸ ಪದ್ಧತಿಯಲ್ಲಿ ಒಂದು ದೊಡ್ಡ ಕಿಂಡಿ ಉಳಿದಿದೆ, ಬಹಳ ಜನ ಅದನ್ನು ಗಮನಿಸುವುದಿಲ್ಲ. ಕಂಪನಿಯೇ ನಿಮ್ಮ ಎನ್‌ಪಿಎಸ್ ಖಾತೆಗೆ ಕಟ್ಟುವ ಹಣ. ಮೂಲ ವೇತನ ಮತ್ತು ಡಿಎಯ (ತುಟ್ಟಿಭತ್ಯೆ) ಶೇ 14ರವರೆಗೆ ಅದಕ್ಕೆ ತೆರಿಗೆ ಇಲ್ಲ. ಖಾಸಗಿ ನೌಕರರಿಗೆ ಹಳೆ ಪದ್ಧತಿಯಲ್ಲಿ ಇದು ಶೇ 10 ಮಾತ್ರ. ನಮ್ಮ 18 ಲಕ್ಷದ ವ್ಯಕ್ತಿ ಎಚ್‌ಆರ್ ಹತ್ತಿರ ಮಾತಾಡಿ ಸಿಟಿಸಿಯಲ್ಲೇ (ಕಂಪನಿ ನಿಮಗಾಗಿ ಮಾಡುವ ಒಟ್ಟು ಖರ್ಚು) 1,00,800 ರೂಪಾಯಿಯನ್ನು ಇದಕ್ಕೆ ತಿರುಗಿಸಿದರೆ ಹೊಸ ಪದ್ಧತಿಯ ತೆರಿಗೆ 1,29,834ಕ್ಕೆ ಬರುತ್ತದೆ. ಸುಮಾರು 21 ಸಾವಿರ ಉಳಿತಾಯ. ಮನೆ ಸಾಲ ಇರುವವರು ಹಳೆಯದರಲ್ಲೂ ಶೇ 10 ಹಾಕಿಸಿದರೆ 1,09,720ಕ್ಕೆ ಇಳಿಯುತ್ತದೆ, ಹಾಗಾಗಿ ಅವರಿಗೆ ಉತ್ತರ ಬದಲಾಗುವುದಿಲ್ಲ. ಆದರೆ ಈ ದುಡ್ಡು ತಿಂಗಳ ಸಂಬಳದಿಂದಲೇ ಕಡಿಮೆಯಾಗುತ್ತದೆ, ತಿಂಗಳಿಗೆ 8,400. ಕೈಗೆ ಬರುವ ಸಂಬಳ ಈಗಲೇ ಬಿಗಿ ಇದ್ದರೆ ಸುಮ್ನೆ ತೆರಿಗೆ ಉಳಿಯುತ್ತದೆ ಅಂತ ಹಾಕಿಸಬೇಡಿ.

ವಾಪಸ್ ಬರುವ ದಾರಿ

ಸಂಬಳದವರು ಪ್ರತಿ ವರ್ಷ ಬದಲಾಯಿಸಬಹುದು. ಏಪ್ರಿಲ್‌ನಲ್ಲಿ ಆಫೀಸಿಗೆ ಹೇಳಿದ್ದು ಟಿಡಿಎಸ್, ಅಂದರೆ ಸಂಬಳ ಕೊಡುವಾಗಲೇ ಹಿಡಿಯುವ ತೆರಿಗೆ, ಅದರ ಲೆಕ್ಕಕ್ಕೆ ಮಾತ್ರ. ರಿಟರ್ನ್ ಹಾಕುವಾಗ ಬೇರೆಯದನ್ನು ಆರಿಸಿಕೊಂಡು ಹೆಚ್ಚು ಕಡಿತವಾದದ್ದನ್ನು ರಿಫಂಡ್ ಪಡೆಯಬಹುದು. ಒಂದೇ ಷರತ್ತು, ಹಳೆಯದು ಬೇಕಾದರೆ ಕೊನೆಯ ದಿನಾಂಕದೊಳಗೆ ರಿಟರ್ನ್ ಹಾಕಿರಬೇಕು. ತಡವಾದರೆ ಹೊಸ ಪದ್ಧತಿಯೇ ಗತಿ. ಅಂಗಡಿ, ಪ್ರ್ಯಾಕ್ಟೀಸ್, ವ್ಯಾಪಾರ ಇರುವವರಿಗೆ ಇಷ್ಟು ಸಡಿಲ ಇಲ್ಲ. ಒಮ್ಮೆ ಹಳೆಯದಕ್ಕೆ ಹೋಗಿ ಹೊಸದಕ್ಕೆ ಮರಳಿದರೆ, ವ್ಯಾಪಾರದ ಆದಾಯ ಇರುವ ತನಕ ಮತ್ತೆ ಹಳೆಯದರ ಬಾಗಿಲು ತೆರೆಯುವುದಿಲ್ಲ. ಅವರು ಈ ವರ್ಷದ ಲೆಕ್ಕ ಮಾತ್ರ ನೋಡದೆ ಮುಂದಿನ ಮೂರು ನಾಲ್ಕು ವರ್ಷದ್ದೂ ನೋಡಬೇಕು.

ಷೇರು ಮಾಡುವ ಹುಡುಗರಿಗೆ ಒಂದು ಎಚ್ಚರಿಕೆ. "12 ಲಕ್ಷದ ತನಕ ತೆರಿಗೆ ಇಲ್ಲ" ಅನ್ನುವ ಮಾತು ಷೇರಿನ ಲಾಭಕ್ಕೆ ಅನ್ವಯಿಸುವುದಿಲ್ಲ. ಸಂಬಳ 9 ಲಕ್ಷ, ಒಂದು ವರ್ಷದೊಳಗೆ ಮಾರಿದ ಷೇರಿನಿಂದ 2 ಲಕ್ಷ ಲಾಭ ಅಂದರೆ, ಸಂಬಳಕ್ಕೆ ರಿಬೇಟ್ ಸಿಗುತ್ತದೆ, ಲಾಭಕ್ಕೆ ಶೇ 20ರಂತೆ ಸೆಸ್ ಸೇರಿ 41,600 ಕಟ್ಟಲೇಬೇಕು.

ಮನೆಯಲ್ಲಿ ಪಿಂಚಣಿ ಬರುವ ಹಿರಿಯರಿದ್ದರೆ ಅವರ ಲೆಕ್ಕ ಬೇಗ ಮುಗಿಯುತ್ತದೆ. ಹಳೆಯದರಲ್ಲಿ 60 ದಾಟಿದವರಿಗೆ 3 ಲಕ್ಷ, 80 ದಾಟಿದವರಿಗೆ 5 ಲಕ್ಷದ ಮಿತಿ, ಬಡ್ಡಿಗೆ 50 ಸಾವಿರದ ವಿನಾಯಿತಿ ಇವೆ. ಹೊಸದರಲ್ಲಿ ವಯಸ್ಸಿನ ರಿಯಾಯಿತಿ ಇಲ್ಲ, ಆದರೆ 12 ಲಕ್ಷದ ರಿಬೇಟ್ ಮುಂದೆ ಅವೆಲ್ಲ ಚಿಕ್ಕವು. ಪಿಂಚಣಿಗೂ 75 ಸಾವಿರ ಕಳೆಯುತ್ತದೆ. ಎಫ್‌ಡಿ ಬಡ್ಡಿ ವರ್ಷಕ್ಕೆ 1 ಲಕ್ಷ ದಾಟಿದರೆ ಮಾತ್ರ ಬ್ಯಾಂಕು ಅವರಿಗೆ ಟಿಡಿಎಸ್ ಹಿಡಿಯುತ್ತದೆ. ತೆರಿಗೆ ಬೀಳುವುದಿಲ್ಲ ಅಂತಾದರೆ 15ಎಚ್ ಫಾರಂ (2026ರ ಏಪ್ರಿಲ್‌ನಿಂದ ಅದು ಫಾರಂ 121) ಕೊಡಿ, ರಿಫಂಡಿಗೆ ಕಾಯುವ ತಲೆನೋವು ಇಲ್ಲ.

ತೆರಿಗೆಯ ಆಸೆ ಹೋದ ಮೇಲೆ ಪಿಂಚಣಿಗೆ ಏನು?

ಹೊಸ ಪದ್ಧತಿಗೆ ಬಂದವರಲ್ಲಿ ಒಂದು ಅಭ್ಯಾಸ ನೋಡುತ್ತಿದ್ದೇನೆ. 80ಸಿ ಬೇಡ ಅಂದ ಮೇಲೆ ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಯಾಕೆ ಅಂತ ನಿಲ್ಲಿಸಿಬಿಡುತ್ತಾರೆ. ತೆರಿಗೆಯ ನೆಪದಲ್ಲಾದರೂ ಉಳಿಯುತ್ತಿದ್ದ ದುಡ್ಡು ಇಎಂಐಗೋ ಫೋನಿಗೋ ಹೋಗುತ್ತದೆ. ನಾನು ಪಾಲಿಸಿಯನ್ನು ಬೈದೆ, ಆದರೆ ಪಿಪಿಎಫ್ ಆ ಜಾತಿಯದ್ದಲ್ಲ. ಹಾಕುವಾಗ ಡಿಡಕ್ಷನ್ ಸಿಗದಿದ್ದರೂ ಅದರ ಬಡ್ಡಿಗೆ ಎರಡೂ ಪದ್ಧತಿಯಲ್ಲಿ ತೆರಿಗೆ ಇಲ್ಲ. ಶೇ 30ರ ಸ್ಲ್ಯಾಬಿನವರಿಗೆ ತೆರಿಗೆ ಇಲ್ಲದ ಶೇ 7.1 ಅಂದರೆ, ಎಫ್‌ಡಿಯಲ್ಲಿ ಶೇ 10ಕ್ಕಿಂತ ಜಾಸ್ತಿ ಸಿಕ್ಕ ಹಾಗೆ.

ಪಿಪಿಎಫ್ ಬಡ್ಡಿ 2020ರ ಏಪ್ರಿಲ್‌ನಿಂದ ಶೇ 7.1ರಲ್ಲೇ ನಿಂತಿದೆ. ವರ್ಷಕ್ಕೆ 1.5 ಲಕ್ಷ ಮಿತಿ, 15 ವರ್ಷ. ಪ್ರತಿ ವರ್ಷ ಏಪ್ರಿಲ್ ಶುರುವಲ್ಲೇ ಪೂರ್ತಿ ಹಾಕಿದರೆ, ಈ ದರದಲ್ಲಿ 22.5 ಲಕ್ಷ ಹಾಕಿ 40.68 ಲಕ್ಷ ಪಡೆಯಬಹುದು. ಏಳನೇ ವರ್ಷದಿಂದ ಸ್ವಲ್ಪ ತೆಗೆಯಬಹುದು. ಆಫೀಸಿನ ಹಂಗಿಲ್ಲ, ಕೆಲಸ ಬಿಟ್ಟರೂ ನಡೆಯುತ್ತದೆ. ಸ್ವಂತ ಉದ್ಯೋಗದವರಿಗೆ, ಪೇಟೆಯ ಏರಿಳಿತ ನೋಡಿದರೆ ನಿದ್ದೆ ಬಾರದವರಿಗೆ ಇದೇ ಸರಿ.

ಸಂಬಳದವರಿಗೆ ಇನ್ನೂ ಒಳ್ಳೆಯದು ಕೈಯಲ್ಲೇ ಇದೆ: ವಿಪಿಎಫ್. ಪಿಎಫ್‌ಗೆ ಹೋಗುವ ಶೇ 12ರ ಮೇಲೆ ನೀವೇ ಜಾಸ್ತಿ ಹಾಕುವುದು. ಪಿಎಫ್ ಬಡ್ಡಿ 2023-24ಕ್ಕೂ 2024-25ಕ್ಕೂ ಶೇ 8.25 ಇತ್ತು. ನಿಮ್ಮ ಪಾಲು ವರ್ಷಕ್ಕೆ 2.5 ಲಕ್ಷ ದಾಟಿದರೆ ಆ ಮೇಲಿನ ಹಣದ ಬಡ್ಡಿಗೆ ತೆರಿಗೆ ಇದೆ, ಅಲ್ಲಿಗೆ ನಿಲ್ಲಿಸಿದರಾಯಿತು. ಪಿಎಫ್ ಜೊತೆ ಬರುವ ಇಪಿಎಸ್ ಪಿಂಚಣಿಯನ್ನು ಮಾತ್ರ ನೆಚ್ಚಿಕೊಳ್ಳಬೇಡಿ. 15 ಸಾವಿರದ ಸಂಬಳ ಮಿತಿಯ ಲೆಕ್ಕದಲ್ಲಿ 35 ವರ್ಷ ದುಡಿದರೂ ತಿಂಗಳಿಗೆ ಸುಮಾರು 7,500 ರೂಪಾಯಿ. ಅದು ಇಂದಿನ ದಿನಸಿಗೇ ಸಾಲದು.

ಎನ್‌ಪಿಎಸ್ ಬಗ್ಗೆ ನನ್ನ ಹಳೆಯ ತಕರಾರು ಒಂದಿತ್ತು. 60 ವರ್ಷಕ್ಕೆ ಬಂದಾಗ ಶೇ 40ರಷ್ಟನ್ನು ಆನ್ಯುಟಿ ಕೊಳ್ಳಲೇಬೇಕಿತ್ತು, ಅಂದರೆ ವಿಮಾ ಕಂಪನಿಗೆ ಕೊಟ್ಟು ತಿಂಗಳ ಪಿಂಚಣಿ ಪಡೆಯಬೇಕಿತ್ತು. 2025ರ ಡಿಸೆಂಬರ್‌ನಲ್ಲಿ ಪಿಂಚಣಿ ನಿಧಿಗಳ ನಿಯಂತ್ರಕ ಸಂಸ್ಥೆಯಾದ ಪಿಎಫ್‌ಆರ್‌ಡಿಎ ಅದನ್ನು ಸಡಿಲಿಸಿತು. ಸರ್ಕಾರಿ ನೌಕರರಲ್ಲದವರು ಈಗ ಶೇ 80ರವರೆಗೆ ಒಟ್ಟಿಗೆ ತೆಗೆಯಬಹುದು, ಶೇ 20ಕ್ಕೆ ಆನ್ಯುಟಿ ಸಾಕು. ಒಟ್ಟು ನಿಧಿ 8 ಲಕ್ಷದ ಒಳಗಿದ್ದರೆ ಪೂರ್ತಿ ತೆಗೆಯಬಹುದು. ಬೇಕಾದರೆ 85 ವರ್ಷದವರೆಗೆ ಅಲ್ಲೇ ಬಿಡಬಹುದು. ಸರ್ಕಾರಿ ನೌಕರರಿಗೆ ಹಳೆಯ 60-40 ಹಾಗೇ ಇದೆ.

ಇದರ ಅರ್ಥ ಏನು ಅಂತ ಒಂದು ಕೋಟಿಯ ನಿಧಿಯಲ್ಲಿ ನೋಡಿ. ಆನ್ಯುಟಿ ದರ ಶೇ 6 ಅಂತ ಇಟ್ಟುಕೊಂಡರೆ, 40 ಲಕ್ಷಕ್ಕೆ ತಿಂಗಳಿಗೆ 20 ಸಾವಿರ ಬರುತ್ತಿತ್ತು. 20 ಲಕ್ಷಕ್ಕೆ 10 ಸಾವಿರ ಬರುತ್ತದೆ, ಇನ್ನೊಂದು 20 ಲಕ್ಷ ನಿಮ್ಮ ಕೈಯಲ್ಲಿ. ದುಡ್ಡು ನಿಭಾಯಿಸಲು ಬರುವವರಿಗೆ ಇದು ವರ. ನಿವೃತ್ತಿಯಾದ ವಾರವೇ ನೆಂಟರು ಸಾಲ ಕೇಳಲು ಬರುವ ಮನೆಗಳಲ್ಲಿ ಆ ಕಡ್ಡಾಯ 40 ಒಂದು ಗುರಾಣಿಯಾಗಿತ್ತು ಅನ್ನುವುದೂ ನಿಜ. ಇನ್ನೊಂದು ಸಂಗತಿ, 1961ರ ಕಾಯ್ದೆ ತೆರಿಗೆ ವಿನಾಯಿತಿ ಕೊಟ್ಟಿದ್ದು ಶೇ 60ರ ತನಕ. 80 ತೆಗೆಯುವ ಮುಂಚೆ ಆ ಮೇಲಿನ 20ಕ್ಕೆ ಆ ವರ್ಷದ ತೆರಿಗೆ ಏನು ಅಂತ ಸಿಎ ಹತ್ತಿರ ಕೇಳಿಕೊಳ್ಳಿ. ಆನ್ಯುಟಿಯಿಂದ ಬರುವ ಪಿಂಚಣಿಗಂತೂ ಸ್ಲ್ಯಾಬ್ ಪ್ರಕಾರ ತೆರಿಗೆ ಇದ್ದೇ ಇದೆ.

ನನ್ನ ಆಯ್ಕೆ ಹೀಗಿದೆ. ಹೊಸ ಪದ್ಧತಿಯಲ್ಲಿದ್ದು ಕಂಪನಿ ಎನ್‌ಪಿಎಸ್ ಕಟ್ಟಲು ಒಪ್ಪಿದರೆ ಮೊದಲು ಅದು. ಒಪ್ಪದಿದ್ದರೆ ವಿಪಿಎಫ್. ಹೊಸ ಪದ್ಧತಿಯಲ್ಲಿ ಸ್ವಂತ ಕೈಯಿಂದ ಎನ್‌ಪಿಎಸ್‌ಗೆ ಹಾಕುವುದಕ್ಕೆ ಡಿಡಕ್ಷನ್ ಇಲ್ಲ. ಅದರ ಷೇರು ಭಾಗ ಬೇಕು, ಖರ್ಚು ಕಡಿಮೆ ಅನ್ನುವ ಕಾರಣಕ್ಕೆ ಹಾಕುವುದಾದರೆ ಹಾಕಿ. ಐದಾರು ವರ್ಷದಲ್ಲಿ ಮಗಳ ಓದಿಗೋ ಸೈಟಿಗೋ ಬೇಕಾಗುವ ದುಡ್ಡನ್ನು ಮಾತ್ರ ಈ ಮೂರರಲ್ಲಿ ಯಾವುದಕ್ಕೂ ಹಾಕಬೇಡಿ.

ಕೇಂದ್ರ ಸರ್ಕಾರಿ ನೌಕರರಿಗೆ: ಎನ್‌ಪಿಎಸ್, ಯುಪಿಎಸ್

2025ರ ಏಪ್ರಿಲ್ 1ರಿಂದ ಯುಪಿಎಸ್ (ಏಕೀಕೃತ ಪಿಂಚಣಿ ಯೋಜನೆ) ಬಂದಿದೆ. ಈಗಾಗಲೇ ಕೆಲಸದಲ್ಲಿದ್ದವರಿಗೆ ಆರಿಸಿಕೊಳ್ಳುವ ಗಡುವು ಎರಡು ಸಲ ಮುಂದೆ ಹೋಗಿ 2025ರ ನವೆಂಬರ್ 30ಕ್ಕೆ ಮುಗಿಯಿತು. ಹೊಸದಾಗಿ ಸೇರುವವರಿಗೆ 30 ದಿನ ಇದೆ. ಯುಪಿಎಸ್‌ಗೆ ಹೋದವರು ಒಂದು ಸಲ ಎನ್‌ಪಿಎಸ್‌ಗೆ ಮರಳಬಹುದು, ನಿವೃತ್ತಿಗೆ ಒಂದು ವರ್ಷ ಮುಂಚಿನವರೆಗೆ. ಆಮೇಲೆ ಮತ್ತೆ ಯುಪಿಎಸ್ ಕಡೆ ತಿರುಗಿ ನೋಡುವಂತಿಲ್ಲ. ಕರ್ನಾಟಕ ಸರ್ಕಾರದ ನೌಕರರಿಗೆ ಈ ಯೋಜನೆ ಅಲ್ಲ. 2006ರ ಏಪ್ರಿಲ್ 1ರಂದು ಅಥವಾ ಆಮೇಲೆ ಸೇರಿದವರು ರಾಜ್ಯದ ಎನ್‌ಪಿಎಸ್‌ನಲ್ಲಿದ್ದಾರೆ.

ಯುಪಿಎಸ್‌ನಲ್ಲಿ 25 ವರ್ಷ ಸೇವೆಯಾದರೆ ಕೊನೆಯ 12 ತಿಂಗಳ ಸರಾಸರಿ ಮೂಲ ವೇತನದ ಅರ್ಧ ಪಿಂಚಣಿ. ಸರಾಸರಿ 80 ಸಾವಿರವಾದರೆ 40 ಸಾವಿರ, ಅದರ ಮೇಲೆ ತುಟ್ಟಿಭತ್ಯೆ. 20 ವರ್ಷವಾದರೆ 32 ಸಾವಿರ. ಹತ್ತು ವರ್ಷ ಆಗಿದ್ದರೆ ಕನಿಷ್ಠ 10 ಸಾವಿರ. ಇದಲ್ಲದೆ ಪ್ರತಿ ಆರು ತಿಂಗಳ ಸೇವೆಗೆ ಸಂಬಳ ಮತ್ತು ಡಿಎಯ ಹತ್ತನೇ ಒಂದು ಭಾಗ ಒಟ್ಟಿಗೆ ಸಿಗುತ್ತದೆ. ಎರಡೂ ಸೇರಿ 1.2 ಲಕ್ಷ ಇದ್ದರೆ 25 ವರ್ಷಕ್ಕೆ 6 ಲಕ್ಷ. ಎನ್‌ಪಿಎಸ್‌ನಲ್ಲಿ ಇಂಥ ಭರವಸೆ ಇಲ್ಲ. ಆದರೆ ಸರ್ಕಾರದ ಶೇ 14 ನಿಮ್ಮದೇ ಖಾತೆಗೆ ಬೀಳುತ್ತದೆ. ಯುಪಿಎಸ್‌ನಲ್ಲಿ ನಿಮ್ಮ ಖಾತೆಗೆ ಶೇ 10, ಇನ್ನು 8.5 ಎಲ್ಲರಿಗೂ ಸೇರಿದ ಬೊಕ್ಕಸಕ್ಕೆ.

35 ದಾಟಿ ಕೆಲಸಕ್ಕೆ ಸೇರಿದವರಿಗೆ 60ಕ್ಕೆ 25 ವರ್ಷ ತುಂಬುವುದಿಲ್ಲ, ಪಿಂಚಣಿ ಆ ಪ್ರಮಾಣದಲ್ಲೇ ಕಡಿಮೆಯಾಗುತ್ತದೆ. ಮಧ್ಯದಲ್ಲೇ ಸ್ವಯಂ ನಿವೃತ್ತಿ ಪಡೆದು ಬೇರೆ ಏನಾದರೂ ಮಾಡುವ ಯೋಚನೆ ಇರುವವರಿಗೂ ಯುಪಿಎಸ್ ಅಷ್ಟು ಹೊಂದುವುದಿಲ್ಲ. 25 ವರ್ಷ ಮುಗಿಸಿ 50ಕ್ಕೆ ಹೊರಬಂದರೂ ಪಿಂಚಣಿ ಶುರುವಾಗುವುದು ಸಹಜ ನಿವೃತ್ತಿಯ ವಯಸ್ಸು ಬಂದಾಗಲೇ. ನೆಟ್ಟಗೆ 60ರವರೆಗೆ ದುಡಿಯುವವರಿಗೆ, ಷೇರುಪೇಟೆ ಬಿದ್ದರೆ ಎದೆ ಬಡಿದುಕೊಳ್ಳುವವರಿಗೆ ಯುಪಿಎಸ್ ನೆಮ್ಮದಿ.

ಉಳಿದದ್ದು ಆ ನಾಲ್ಕನೇ ಪ್ರಶ್ನೆ. ಯುಪಿಎಸ್‌ನಲ್ಲಿ ಪಿಂಚಣಿದಾರರು ತೀರಿಕೊಂಡರೆ ಗಂಡನಿಗೆ ಅಥವಾ ಹೆಂಡತಿಗೆ ಅದರ ಶೇ 60 ಬರುತ್ತದೆ. 40 ಸಾವಿರದ ಜಾಗದಲ್ಲಿ 24 ಸಾವಿರ, ಮೇಲೆ ತುಟ್ಟಿಭತ್ಯೆ. ಅವರ ನಂತರ ಮಕ್ಕಳಿಗೆ ಹಂಚಲು ದೊಡ್ಡ ಗಂಟು ಉಳಿಯುವುದಿಲ್ಲ. ಎನ್‌ಪಿಎಸ್‌ನಲ್ಲಿ ಕೈಗೆ ತೆಗೆದ ಶೇ 60 ಮನೆಯಲ್ಲೇ ಇರುತ್ತದೆ. ಆನ್ಯುಟಿಯನ್ನು ಅಸಲು ವಾಪಸ್ ಬರುವ ರೀತಿಯಲ್ಲಿ ಕೊಂಡಿದ್ದರೆ ಅದೂ ವಾರಸುದಾರರಿಗೆ ಬರುತ್ತದೆ, ಆದರೆ ಹಾಗೆ ಕೊಂಡರೆ ತಿಂಗಳ ಪಿಂಚಣಿ ಕಡಿಮೆ. ಗಂಡ ಹೆಂಡತಿ ಇಬ್ಬರಿಗೂ ಸಂಬಳ ಇದ್ದರೆ ಗಂಟಿನ ಕಡೆ ಮನಸ್ಸು ಮಾಡಬಹುದು. ಒಬ್ಬರ ದುಡಿಮೆಯ ಮೇಲೇ ನಡೆಯುವ ಮನೆಯಾದರೆ ಆ 24 ಸಾವಿರದ ಲೆಕ್ಕವನ್ನು, ಅದು ಯಾರಿಗೆ ಬರಬೇಕೋ ಅವರನ್ನೇ ಎದುರಿಗೆ ಕೂರಿಸಿಕೊಂಡು ಹಾಕಿ.